ಕಾಲಿಗೆ ಅರವತ್ತು, ಊರಿಗೆ ಎಷ್ಟು?

ಇವತ್ತು ಮಧ್ಯಾಹ್ನ ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿ ಎದ್ದುಬಂದೆ. ಸಿಟ್ಟು ಬಂದರೆ ಊಟ ಬಿಡುವವಳು ನಾನಲ್ಲ, ನಿಮಗೆಲ್ಲ ಗೊತ್ತು. ಅದೂ ಡಬ್ಬಿಯಲ್ಲಿದ್ದದ್ದು ಊರಿನಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ.

ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾತು ಬಂದಿತ್ತು. 2025ರ ಪಟ್ಟಿಯಲ್ಲಿ ಮೊದಲು ದಕ್ಷಿಣ ಕನ್ನಡ, ಶೇ 91.12. ಕೊನೆಗೆ ಕಲಬುರಗಿ, ಶೇ 42.43. ಅದಕ್ಕೂ ಹಿಂದಿನ ವರ್ಷ ಕೊನೆಯ ಮಣೆ ನಮ್ಮ ಯಾದಗಿರಿಗೆ, ಶೇ 50.59. ಪಕ್ಕದ ಮೇಜಿನವರು ಕೆಟ್ಟವರಲ್ಲ. ನನಗೆ ಎಷ್ಟೋ ಸಲ ಕುರ್ಚಿ ಎಳೆದುಕೊಟ್ಟವರು. ನಗುನಗುತ್ತಲೇ ಹೇಳಿದರು: “ಏನೇ ಹೇಳಿ ಮೇಡಂ, ನಿಮ್ಮ ಕಡೆಯ ಮಕ್ಕಳಿಗೆ ಓದು ಹತ್ತುವುದಿಲ್ಲ ಬಿಡಿ.”

ಬಿಡಿ ಎಂದರೆ ಬಿಡುವುದಾದರೂ ಹೇಗೆ? ಎರಡು ದಿನದ ಹಿಂದಷ್ಟೇ ಊರಿನಲ್ಲಿ ಅಣ್ಣನ ಮಗನನ್ನು ಆರೋಗ್ಯ ತಪಾಸಣೆ ಶಿಬಿರಕ್ಕೆ ಕರೆದುಕೊಂಡು ಹೋಗಿ ಬಂದಿದ್ದೆ.

ಹುಡುಗನಿಗೆ ಈಗ ಆರೂವರೆ ವರ್ಷ. ಮಾತು ಬಂದಿಲ್ಲ. ನಾಲಿಗೆ ತಿರುಗಲಿ ಎಂದು ಮನೆಯಲ್ಲಿ ಬಜೆ ತೇಯ್ದು ಹಚ್ಚಿದ್ದಾಯಿತು. ಅವರಪ್ಪನೂ ತಡವಾಗಿಯೇ ಮಾತಾಡಿದ್ದು ಎಂದು ಅವ್ವ ಸಮಾಧಾನ ಹೇಳಿದ್ದಾಯಿತು. ಕಿವಿ ಕೇಳುತ್ತದೆ ಎಂದು ಎಲ್ಲರೂ ನಂಬಿದ್ದರು, ಯಾಕೆಂದರೆ ಹಿಂದಿನಿಂದ ಚಪ್ಪಾಳೆ ತಟ್ಟಿದರೆ ಅವನು ತಿರುಗುತ್ತಿದ್ದ. ಶಿಬಿರದಲ್ಲೂ ತಟ್ಟಿದರು, ಅಲ್ಲೂ ತಿರುಗಿದ. ಆಗ ನಾನು ಗೋಡೆ ನೋಡಿದೆ. ತಟ್ಟಿದವರ ಕೈಯ ನೆರಳು ಅವನ ಮುಂದಿನ ಗೋಡೆಯ ಮೇಲೆ ಬೀಳುತ್ತಿತ್ತು. ರಾತ್ರಿ ಮನೆಯಲ್ಲಿ ದೀಪ ಆರಿಸಿ ಅವನ ಬೆನ್ನ ಹಿಂದೆ ಸ್ಟೀಲಿನ ತಾಟು ಬೀಳಿಸಿದೆ. ಅಂಗಳದಲ್ಲಿದ್ದ ನಾಯಿ ಬೊಗಳಿತು. ಹುಡುಗ ಕದಲಲಿಲ್ಲ. ಅವನ ತಾಯಿ, ನಮ್ಮ ವೈನಿ, ತಾಟನ್ನು ಎತ್ತಿಕೊಂಡು ಒಳಗೆ ಹೋದರು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಶಿಬಿರದವರು ಹೇಳಿದ್ದು ಇಷ್ಟು: ಸದ್ದಿಗೆ ಮಿದುಳು ಸ್ಪಂದಿಸುತ್ತದೆಯೇ ಎಂದು ನೋಡುವ ಬೆರಾ ಪರೀಕ್ಷೆ ಆಗಬೇಕು, ಆ ಯಂತ್ರ ಇಲ್ಲಿಲ್ಲ, ಮೈಸೂರಿಗೆ ಹೋದರೆ ಒಳ್ಳೆಯದು. ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅದ್ಭುತವಾದ ಸಂಸ್ಥೆ, ಅದರ ಮೇಲೆ ನನಗೆ ಗೌರವವೇ. ಆದರೆ ನಮ್ಮೂರಿನಿಂದ ಅಲ್ಲಿಗೆ ಸುಮಾರು ಆರುನೂರು ಕಿಲೋಮೀಟರ್. ಮಿದುಳು, ನರದ ತೊಂದರೆಯಾದರೆ ನಿಮ್ಹಾನ್ಸ್, ಅದು ಬೆಂಗಳೂರಿನಲ್ಲಿ. ದೊಡ್ಡ ಸಂಸ್ಥೆಗಳೆಲ್ಲ ರಾಜ್ಯದ ತೆಂಕಣ ತುದಿಯಲ್ಲಿ ಮಗ್ಗುಲು ಹಾಕಿಕೊಂಡು ಕುಳಿತಿವೆ. ರೋಗಗಳಿಗೂ ಹಾಗೆ ಒಂದೇ ಕಡೆ ಬರಬೇಕೆಂದು ಯಾರಾದರೂ ತಿಳಿಸಿದ್ದರೆ ಚೆನ್ನಾಗಿತ್ತು.

ಹುಟ್ಟಿದಾಗಲೇ ಕಿವಿ ಪರೀಕ್ಷೆ ಮಾಡಿಸಿಕೊಂಡ ಮಗು ಎರಡು ವರ್ಷ ತುಂಬುವುದರೊಳಗೆ ಯಂತ್ರ ಹಾಕಿಕೊಂಡು “ಅಮ್ಮ” ಎನ್ನುವುದನ್ನು ನಾನೇ ಈ ಬೆಂಗಳೂರಿನಲ್ಲಿ ನೋಡಿದ್ದೇನೆ. ಕಿವಿಯ ದೋಷ ಅದೇ. ಅದಕ್ಕೆ ಬೇಗ ಗೊತ್ತಾಯಿತು, ಇವನಿಗೆ ಆರೂವರೆ ವರ್ಷ ತಡವಾಯಿತು. ನಾಳೆ ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಇಬ್ಬರಿಗೂ ಒಂದೇ ಶೇಕಡಾ ಬರೆಯುತ್ತಾರೆ. ನನ್ನ ಜಗಳ ಇರುವುದು ಅಲ್ಲೇ.

ನನ್ನ ಎಡಗಾಲಿಗೆ ಪೋಲಿಯೊ ಬಿಟ್ಟುಹೋದದ್ದು ಶೇ 60. ವೈದ್ಯರು ಅಳೆದು, ಮಡಚಿ, ಬಿಡಿಸಿ, ಸಹಿ ಹಾಕಿಕೊಟ್ಟಿದ್ದಾರೆ. ಬೆಂಗಳೂರಿನಲ್ಲಿ ಮೆಟ್ರೊದ ಲಿಫ್ಟು, ಕಚೇರಿಯ ಲಿಫ್ಟು, ಮನೆ ಬಾಗಿಲಿಗೆ ಆಟೊ. ನನ್ನ ಅರವತ್ತು ಇಲ್ಲಿ ಇಪ್ಪತ್ತಕ್ಕೆ ಇಳಿಯುತ್ತದೆ. ಊರಿಗೆ ಹೋಗಿ ಬಸ್ಸಿನ ಮೊದಲ ಮೆಟ್ಟಿಲ ಮುಂದೆ ನಿಂತರೆ ತೊಂಬತ್ತಾಗುತ್ತದೆ. ಕಾಲು ಅದೇ, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಅದೇ. ಕಾಲನ್ನು ಅಳೆಯುವ ಸರ್ಕಾರ ಊರನ್ನು ಯಾಕೆ ಅಳೆಯುವುದಿಲ್ಲ?

ಅಳೆದಿದ್ದಾರೆ, ಸುಳ್ಳು ಹೇಳಬಾರದು. ಪ್ರಾದೇಶಿಕ ಅಸಮತೋಲನ ನೋಡಲು ಸರ್ಕಾರ ನೇಮಿಸಿದ್ದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕು ತಾಲ್ಲೂಕು ಅಳೆದು ಕೊಟ್ಟಿತು. ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ನಮ್ಮ ಕಲಬುರಗಿ ವಿಭಾಗದವು. ಶಹಾಪುರ, ಸುರಪುರ, ಯಾದಗಿರಿ ಮೂರೂ ಅದರಲ್ಲಿವೆ. ಒಂದು ಜಿಲ್ಲೆಗೆ ಬೇಕಾದಷ್ಟು ಸರಕು ಇದೆ ಎಂದುಕೊಂಡರೋ ಏನೋ, ಆಮೇಲೆ ಆ ಮೂರನ್ನೇ ಸೇರಿಸಿ ಜಿಲ್ಲೆ ಮಾಡಿದರು. 2011ರ ಜನಗಣತಿಯಲ್ಲಿ ಆ ಜಿಲ್ಲೆಯ ಸಾಕ್ಷರತೆ ಶೇ 51.83, ದಕ್ಷಿಣ ಕನ್ನಡದ್ದು ಶೇ 88.57. ರಾಜ್ಯದ ಸರಾಸರಿ ಶೇ 75.36. ಭಾಷಣಕ್ಕೆ ಬೇಕಾಗುವುದು ಆ ಕೊನೆಯ ಸಂಖ್ಯೆ. ಸರಾಸರಿ ಅಂದರೆ ಮಂಗಳೂರಿನ ಹುಡುಗಿಯ ಪಾಟಿಯನ್ನು ತಂದು ನಮ್ಮೂರಿನ ಹುಡುಗಿಯ ಕೈಯಲ್ಲಿಟ್ಟು ಫೋಟೊ ತೆಗೆಸುವುದು.

ಅದೇ ಜನಗಣತಿ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ ಎಂದಿತು, ನೂರಕ್ಕೆ ಇಬ್ಬರ ಲೆಕ್ಕ. ಆ ಲೆಕ್ಕವನ್ನು ನಾನು ಪೂರ್ತಿ ನಂಬುವುದಿಲ್ಲ. ಗಣತಿಯವರು ಹೋದ ತಿಂಗಳು ನಮ್ಮನೆಗೆ ಬಂದಿದ್ದರೆ ವೈನಿ ಏನು ಹೇಳುತ್ತಿದ್ದರು? “ಇವನಿಗೆ ಮಾತು ತಡ, ಅಷ್ಟೆ.” ಹೇಳುವ ವೈದ್ಯರೇ ಇಲ್ಲದ ಊರಿನಲ್ಲಿ ಕಿವುಡು ಕಾಗದಕ್ಕೆ ಬರುವುದಿಲ್ಲ. ಶಾಲೆಯಲ್ಲಿ ಅದು “ದಡ್ಡತನ” ಎಂದು ದಾಖಲಾಗುತ್ತದೆ. ಹತ್ತು ವರ್ಷ ಬಿಟ್ಟು ಫಲಿತಾಂಶದ ಪಟ್ಟಿಯಲ್ಲಿ ನಪಾಸು. ಬೆಂಗಳೂರಿನ ಊಟದ ಮೇಜಿನಲ್ಲಿ “ಓದು ಹತ್ತುವುದಿಲ್ಲ ಬಿಡಿ”.

ಈಗ ಯಾರಾದರೂ ಬಂದು, ನಿಮ್ಮ ಭಾಗಕ್ಕೆ ಸಂವಿಧಾನದಲ್ಲೇ ವಿಶೇಷ ಸ್ಥಾನದ 371 ಜೆ ವಿಧಿ ಕೊಟ್ಟಿದ್ದಾರಲ್ಲ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ ಐದು ಸಾವಿರ ಕೋಟಿ ಇಡುತ್ತಾರಲ್ಲ, ಇನ್ನೇನು ಬೇಕು ಎನ್ನುತ್ತೀರಿ. ಕೊಟ್ಟಿದ್ದಾರೆ, ಇಲ್ಲವೆನ್ನಲಿಲ್ಲ. ನಾನೇ ಅದರ ಫಲ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಹಣದಿಂದ ಮೊದಲು ಏಳುವುದು ಕಟ್ಟಡ. ಕಟ್ಟಡಕ್ಕೆ ಉದ್ಘಾಟನೆ ಇರುತ್ತದೆ, ಶ್ರವಣ ತಜ್ಞರ ಹುದ್ದೆ ತುಂಬಿದರೆ ರಿಬ್ಬನ್ ಕತ್ತರಿಸುವವರು ಯಾರು? ಬಡತನ ಎಲ್ಲ ಕಡೆಯೂ ಇದೆ, ನಂಜುಂಡಪ್ಪನವರ ಅದೇ ಪಟ್ಟಿಯಲ್ಲಿ ಕನಕಪುರ, ಮಾಗಡಿಯೂ ಇವೆ ಎಂದು ನೆನಪಿಸುವವರೂ ಇದ್ದಾರೆ. ಇವೆ. ಮಾಗಡಿಯ ತಾಯಿ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಹೊರಟರೆ ಬೆಂಗಳೂರಿನಲ್ಲಿ ತೋರಿಸಿಕೊಂಡು ಸಂಜೆಗೆ ಮನೆಯಲ್ಲಿರುತ್ತಾಳೆ. ನಮ್ಮ ವೈನಿಗೆ ಮೂರು ದಿನದ ಕೂಲಿ ಹೋಗುತ್ತದೆ.

ನಾನು ಹೆಂಗಸಾದ್ದರಿಂದ 2023ರ ಜೂನ್‌ನಿಂದ ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಹೋಗಬಹುದು. ಅಂಗವಿಕಲೆಯಾಗಿ ಹೋಗುವುದಾದರೆ ನನ್ನ ರಿಯಾಯಿತಿ ಪಾಸು ವಾಸಸ್ಥಳದಿಂದ ನೂರು ಕಿಲೋಮೀಟರಿಗೆ ಮುಗಿಯುತ್ತದೆ. ನಮ್ಮ ಹುಡುಗನಿಗೆ ಆ ನೂರು ಕಿಲೋಮೀಟರೂ ಇಲ್ಲ. ಪಾಸಿಗೆ ಪ್ರಮಾಣಪತ್ರ ಬೇಕು, ಪ್ರಮಾಣಪತ್ರಕ್ಕೆ ಪರೀಕ್ಷೆ ಬೇಕು, ಪರೀಕ್ಷೆಗೆ ಮೈಸೂರು ಬೇಕು.

ಅಷ್ಟರಲ್ಲಿ ನಮ್ಮ ಹೆಸರುಗಳು ಮಾತ್ರ ಸುಧಾರಿಸುತ್ತಲೇ ಇವೆ. ಅಂಗವಿಕಲೆಯಾಗಿದ್ದವಳು ವಿಕಲಚೇತನಳಾದೆ, ಆಮೇಲೆ ದಿವ್ಯಾಂಗಳಾದೆ. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣವಾಯಿತು. ಕಾಲೂ ಹಾಗೇ ಇದೆ, ದಾರಿಯೂ ಹಾಗೇ ಇದೆ. ಅಣ್ಣ ಪ್ರತಿ ವರ್ಷ ಬಿತ್ತನೆ ಕೈಕೊಟ್ಟ ಮೇಲೆ ಗುಳೆ ಬಂದು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ನಾನು ಕೋಲೂರದೆ ಹತ್ತುವ ಈ ಊರಿನ ಎಷ್ಟು ರ‍್ಯಾಂಪುಗಳಿಗೆ ಕಾಂಕ್ರೀಟು ಹೊತ್ತವರು ನಮ್ಮ ಯಾದಗಿರಿ, ರಾಯಚೂರಿನವರು ಎಂದು ಆ ಪಕ್ಕದ ಮೇಜಿನವರಿಗೆ ಹೇಳಬೇಕಿತ್ತು. ಸಿಟ್ಟಿನಲ್ಲಿ ಒಳ್ಳೆಯ ಮಾತು ಹೊಳೆಯುವುದೇ ಇಲ್ಲ, ರಾತ್ರಿ ಹೊಳೆಯುತ್ತದೆ.

ಇನ್ನು ಆ ಮುಂದೆ ಹೇಳುತ್ತೇನೆ ಎಂದದ್ದು. ಬರೆಯಲೋ ಬೇಡವೋ ಎಂದು ಅರ್ಧ ಗಂಟೆ ಕುಳಿತಿದ್ದೆ.

ನನಗೆ ಈ ಕೆಲಸ ಸಿಕ್ಕಿದ್ದು 371 ಜೆ ಅಡಿ ರಾಜ್ಯಮಟ್ಟದ ಕಚೇರಿಗಳಲ್ಲಿ ನಮ್ಮ ಭಾಗದವರಿಗಿರುವ ಶೇ 8ರ ಮೀಸಲಿನಲ್ಲಿ. ಮೂರು ವರ್ಷದ ಹಿಂದೆ ನಮ್ಮ ಕಡೆಗೇ ನಿಯೋಜನೆಯ ಮೇಲೆ ಹೋಗುವ ಅವಕಾಶ ಬಂತು. ನೋಡಿ ಬಂದೆ. ಕಚೇರಿ ಮೊದಲ ಮಹಡಿಯಲ್ಲಿ, ಲಿಫ್ಟಿಲ್ಲ, ಶೌಚಾಲಯ ಹಿತ್ತಲಿನಲ್ಲಿ, ಅದಕ್ಕೆ ಆರು ಮೆಟ್ಟಿಲು. ವಾಪಸು ಬಂದು ನನ್ನ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ದೈಹಿಕ ಕಾರಣದಿಂದ ಆಗುವುದಿಲ್ಲ ಎಂದು ಬರೆದುಕೊಟ್ಟೆ. ಮೊದಲನೆಯ ಸಲ ಆ ಕಾಗದ ನನಗೆ ಉಪಯೋಗಕ್ಕೆ ಬಂತು. ಕಾರಣ ಕಾಲಲ್ಲ, ಆ ಆರು ಮೆಟ್ಟಿಲು ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ನಾನೂ ಹುಡುಕಲಿಲ್ಲ. ಆ ಕಡೆಗೆ ವರ್ಗವಾದರೆ ರಜೆ ಹಾಕಿ ಕೂರುವ ವೈದ್ಯರನ್ನು ನಾನು ಬೈಯುವಾಗ ದನಿ ಸ್ವಲ್ಪ ತಗ್ಗುತ್ತದೆ, ಗಮನಿಸಿದ್ದೀರಾ?

ಗುರುವಾರ ರಾತ್ರಿಯ ಬಸ್ಸಿಗೆ ವೈನಿ ಮತ್ತು ಹುಡುಗ ಹೊರಡುತ್ತಾರೆ. ನಾನು ಬೆಂಗಳೂರಿನಲ್ಲಿ ಅವರನ್ನು ಕೂಡಿಕೊಂಡು ಮೈಸೂರಿಗೆ ಹೋಗುತ್ತೇನೆ, ಎರಡು ದಿನ ರಜೆ ಹಾಕಿದ್ದೇನೆ. ಮಾನಸಗಂಗೋತ್ರಿಯ ಆಸುಪಾಸಿನಲ್ಲಿ ಎರಡು ರಾತ್ರಿಗೆ ನೆಲಮಹಡಿಯ ಕೋಣೆ ಕೊಡುವವರು ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸಿಗೆ ತಿಳಿಸಿ. ಸಲಹೆ ಬೇಡ, ಕೋಣೆ ಬೇಕು.