ಮುಠಾ ನದಿ ಯಾವ ಡಿಪಾರ್ಟ್‌ಮೆಂಟಿಗೆ ಸೇರಿದ್ದು?

ಪುಣೆಯಲ್ಲಿ ಈಗ ಸಸ್ಟೇನಬಿಲಿಟಿ ಸೆಂಟರ್ ಇಲ್ಲದ ವಿಶ್ವವಿದ್ಯಾಲಯಕ್ಕೆ ಯಾರೂ ಹೆಣ್ಣು ಕೊಡುವ ಹಾಗೆ ಕಾಣುವುದಿಲ್ಲ.

ಊರಾಚೆ ಗುಡ್ಡ ಅಗೆದು ಕಟ್ಟಿದ ಒಂದು ಕ್ಯಾಂಪಸ್ ಇದೆ. ಹೆಸರು ಬೇಡ. ಹೆಸರು ಹೇಳದಿದ್ದರೆ ಪ್ರತಿಯೊಬ್ಬರೂ ಇದು ಪಕ್ಕದವರ ಕತೆ ಅಂದುಕೊಂಡು ನಗುತ್ತಾರೆ. ಅಲ್ಲಿ ಕೆಲವು ವರ್ಷಗಳ ಹಿಂದೆ ಎಲ್ಲ ವಿಭಾಗಗಳನ್ನೂ ಸೇರಿಸಿ ಸಸ್ಟೇನಬಿಲಿಟಿಗೆ, ಅಂದರೆ ಪರಿಸರ ಕೆಡದ ಹಾಗೆ ಬಾಳುವ ವಿದ್ಯೆಗೆ, ಅಂತ ಒಂದು ಸೆಂಟರ್ ತೆರೆದರು. ಕಟ್ಟಡದ ನಾಲ್ಕೂ ಕಡೆ ಗಾಜು. ಏಪ್ರಿಲ್ ಬಿಸಿಲು ಪೂರ್ತಿ ಒಳಗೆ ಬರುತ್ತದೆ. ಅದನ್ನು ಹೊರಗೆ ಓಡಿಸಲು ಎಸಿ. ಎಸಿ ನಡೆಸಲು ಛಾವಣಿಯ ಮೇಲೆ ಸೋಲಾರ್. ಸೂರ್ಯನನ್ನು ಒಳಗೆ ಕರೆದು ಸೂರ್ಯನ ಕೈಲೇ ಹೊಡೆಸುವ ಈ ವ್ಯವಸ್ಥೆಗೆ ನೆಟ್ ಝೀರೋ, ಅಂದರೆ ಇಂಗಾಲದ ಲೆಕ್ಕ ಸೊನ್ನೆ, ಅಂತ ಹೆಸರು.

ಉದ್ಘಾಟನೆಗೆ ರಸಾಯನಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಕಾನೂನು, ಎಲ್ಲ ವಿಭಾಗದವರೂ ಬಂದಿದ್ದರು. ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತು ಫೋಟೋ ತೆಗೆಸಿಕೊಂಡರು. ಇವತ್ತಿನವರೆಗೆ ಅದೇ ಅವರ ಏಕೈಕ ಜಂಟಿ ಸಂಶೋಧನೆ.

ಅವರನ್ನು ಬೈದು ಪ್ರಯೋಜನವಿಲ್ಲ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮ ಓದಿ ನೋಡಿ. ಒಂದು ಪ್ರಬಂಧವನ್ನು ಇಬ್ಬರು ಸೇರಿ ಬರೆದರೆ, ಬಡ್ತಿಗೆ ಲೆಕ್ಕ ಹಿಡಿಯುವ ಅದರ ಅಂಕದಲ್ಲಿ ತಲಾ 70 ಶೇಕಡ ಸಿಗುತ್ತದೆ. ಮೂರನೆಯವರು ಸೇರಿದರೋ, ಮುಖ್ಯ ಲೇಖಕರಿಗೆ 70, ಉಳಿದವರಿಗೆ ತಲಾ 30. ಈಗ ಪುಣೆಯ ನಡುವೆ ಹರಿಯುವ ಮುಠಾ ನದಿ ಯಾಕೆ ಹೀಗೆ ನಾರುತ್ತದೆ ಅಂತ ಕಂಡುಹಿಡಿಯಬೇಕು ಅಂದುಕೊಳ್ಳಿ. ನೀರಿನಲ್ಲಿ ಏನಿದೆ ಅಂತ ಹೇಳಲು ರಸಾಯನಶಾಸ್ತ್ರದವರು ಬೇಕು. ಯಾರಿಗೆ ಲಾಭ ಅಂತ ಹೇಳಲು ಅರ್ಥಶಾಸ್ತ್ರದವರು. ಯಾರನ್ನೂ ಯಾಕೆ ಹಿಡಿಯಲಾಗುತ್ತಿಲ್ಲ ಅಂತ ಹೇಳಲು ಕಾನೂನಿನವರು. ನದಿ ಶುದ್ಧವಾಗುವ ಮೊದಲೇ ಇಬ್ಬರ ಬಡ್ತಿ ಅದರಲ್ಲಿ ಮುಳುಗಿರುತ್ತದೆ. ಹಾಗಾಗಿ ರಸಾಯನಶಾಸ್ತ್ರದ ಸರ್ ಮೇಲಿನ ದಂಡೆಯಲ್ಲಿ ಒಬ್ಬರೇ ಬಾಟಲಿ ತುಂಬಿಕೊಳ್ಳುತ್ತಾರೆ. ಅರ್ಥಶಾಸ್ತ್ರದ ಮೇಡಂ ಕೆಳಗಿನ ದಂಡೆಯಲ್ಲಿ ಒಬ್ಬರೇ ಪ್ರಶ್ನಾವಳಿ ತುಂಬಿಸುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕೈಬೀಸುತ್ತಾರೆ. ವಾರ್ಷಿಕ ವರದಿಯಲ್ಲಿ ಅದಕ್ಕೆ ಸಹಯೋಗ ಅಂತ ಹೆಸರು.

ಸಂಶೋಧನೆ ಹೀಗಾದರೆ ಪಾಠ? ಅದರ ಇತಿಹಾಸ ಇನ್ನೂ ಚೆನ್ನಾಗಿದೆ. ಪರಿಸರದ ಪಾಠ ಕಡ್ಡಾಯ ಮಾಡಿ ಅಂತ 1991ರಲ್ಲೇ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲರೂ ತಲೆಯಾಡಿಸಿ ಸುಮ್ಮನಾದರು. 2003ರಲ್ಲಿ ಕೋರ್ಟ್ ಮತ್ತೆ ಗದರಬೇಕಾಯಿತು. ಆಮೇಲೆ ಪದವಿಯ ಎಲ್ಲರಿಗೂ 50 ಪಾಠಗಳ ಆರು ತಿಂಗಳ ಕೋರ್ಸ್ ಬಂತು. ಅದಕ್ಕೆ ಪಠ್ಯಪುಸ್ತಕ ಬರೆದವರು ನಮ್ಮ ಪುಣೆಯ ಎರಾಚ್ ಭರೂಚಾ. ವೃತ್ತಿಯಲ್ಲಿ ಸರ್ಜನ್! ಆ ಕಾಲದಲ್ಲಿ ಯಾರೂ ಅವರ ಡಿಪಾರ್ಟ್‌ಮೆಂಟ್ ಯಾವುದು ಅಂತ ಕೇಳಿರಲಿಕ್ಕಿಲ್ಲ.

ಆ ಕೋರ್ಸಿನ ಕೊನೆಗೆ ಫೀಲ್ಡ್ ವರ್ಕ್ ಇದೆ. ನದಿ, ಕಾಡು, ಗುಡ್ಡದಂಥ ಪರಿಸರ ಸಂಪತ್ತನ್ನು ನೋಡಿ ಬರೆಯಬೇಕು. ಹಾಗೇ ಹತ್ತಿರದ ಒಂದು ಮಲಿನ ಜಾಗಕ್ಕೂ ಭೇಟಿ ಕೊಡಬೇಕು. ಬೇರೆ ಊರಿನವರು ಇದಕ್ಕೆ ಎರಡು ಸಲ ಬಸ್ಸು ಮಾಡಬೇಕು, ಪಾಪ. ನಮಗೆ ಆ ಕಷ್ಟವಿಲ್ಲ. ಓಂಕಾರೇಶ್ವರ ದೇವಸ್ಥಾನದ ಹತ್ತಿರ ಸೇತುವೆ ಮೇಲೆ ನಿಂತರೆ ಮುಗಿಯಿತು. ಎಡಕ್ಕೆ ತಿರುಗಿ ಸಂಪತ್ತು ಅಂತ ಬರೆಯಬೇಕು, ಬಲಕ್ಕೆ ತಿರುಗಿ ಮಲಿನ ಜಾಗ ಅಂತ ಬರೆಯಬೇಕು. ಮೂಗಿಗೆ ಕರ್ಚೀಫು ಎರಡಕ್ಕೂ ಒಂದೇ. ಹುಡುಗರು ಅರ್ಧ ತಾಸಿನಲ್ಲಿ ಮುಗಿಸಿ ಮಿಸಳ್ ತಿನ್ನಲು ಹೋಗುತ್ತಾರೆ.

ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ದಿನ ಮಾತ್ರ ಕ್ಯಾಂಪಸ್ ನೋಡಬೇಕು. ಏಳನೇ ಮಾನದಂಡದಲ್ಲಿ ಹಸಿರು ಕ್ಯಾಂಪಸ್ಸಿಗೆ ಅಂಕ ಇದೆ. ವಾಹನಕ್ಕೆ ಕಡಿವಾಣ, ಸೈಕಲ್ಲು, ಪ್ಲಾಸ್ಟಿಕ್ ನಿಷೇಧ ಎಲ್ಲ ಬೇಕು. ಅವತ್ತು ಪ್ರೊಫೆಸರುಗಳ ಕಾರೆಲ್ಲ ಗೇಟಿನ ಹೊರಗೆ. ಅವುಗಳನ್ನು ಎತ್ತಿಕೊಂಡು ಹೋಗುವ ಟೋಯಿಂಗ್ ಗಾಡಿಯವನಿಗೆ ಅದೇ ದೀಪಾವಳಿ. 'ಪ್ಲಾಸ್ಟಿಕ್ ಮುಕ್ತ ಆವರಣ' ಅನ್ನುವ ಇಪ್ಪತ್ತಡಿ ಫ್ಲೆಕ್ಸ್ ಮುಖ್ಯದ್ವಾರದಲ್ಲಿ ಪಟಪಟ ಅನ್ನುತ್ತಿರುತ್ತದೆ.

ಇದರ ಮೇಲೆ ರ‍್ಯಾಂಕಿಂಗ್ ಬೇರೆ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಹಿಡಿದು ವಿಶ್ವವಿದ್ಯಾಲಯಗಳಿಗೆ ಅಂಕ ಕೊಡುವ ಪದ್ಧತಿಯನ್ನು ಲಂಡನ್ನಿನ ಟೈಮ್ಸ್ ಹೈಯರ್ ಎಜುಕೇಷನ್ 2019ರಲ್ಲಿ ಶುರು ಮಾಡಿತು. ಅದರಲ್ಲಿ 17ನೇ ಗುರಿಗೆ, ಅಂದರೆ ಸಹಭಾಗಿತ್ವಕ್ಕೆ, 22 ಶೇಕಡ ಅಂಕ ಇಟ್ಟರು. ಹಸಿವು, ನೀರು, ಬಡತನ ನೀವು ಬೇಕಾದ್ದು ಆರಿಸಿಕೊಳ್ಳಿ. ಸಹಭಾಗಿತ್ವ ಮಾತ್ರ ಕಡ್ಡಾಯ. ನಮ್ಮವರಿಗೆ ಇದಕ್ಕಿಂತ ಸುಲಭದ ಪ್ರಶ್ನೆಪತ್ರಿಕೆ ಇನ್ನೊಂದಿಲ್ಲ. ಸಿಕ್ಕಸಿಕ್ಕವರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಕೊನೆಗೆ ಯಾರೂ ಸಿಗದೆ, ಎದುರು ಕಟ್ಟಡದಲ್ಲಿರುವ ತಮ್ಮದೇ ಮ್ಯಾನೇಜ್‌ಮೆಂಟ್ ಕಾಲೇಜಿನ ಜೊತೆ ಶಾಲು ಹೊದಿಸಿಕೊಂಡು ಒಪ್ಪಂದ ಮಾಡಿಕೊಂಡರು.

ಹಿಂದೆ ಇದೇ ಊರಲ್ಲಿ ಈ ಕೆಲಸ ಹೇಗೆ ನಡೆಯುತ್ತಿತ್ತು ಗೊತ್ತಾ? 1970ರ ದಶಕದಲ್ಲಿ ಪುಣೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಸ್ಯಶಾಸ್ತ್ರಜ್ಞ ವಿ.ಡಿ. ವರ್ತಕ್ ಸಹ್ಯಾದ್ರಿಯ ದೇವರಾಯಿಗಳ ಅಧ್ಯಯನ ಮಾಡಿದರು. ನಮ್ಮ ಕೊಡಗಿನ ದೇವರಕಾಡಿನಂಥ ಕಾಡುಗಳು ಅವು. ಗಾಡ್ಗೀಳ್ ಹಾರ್ವರ್ಡಿನಲ್ಲಿ ಗಣಿತ ಬೆರೆಸಿ ಜೀವಶಾಸ್ತ್ರ ಓದಿ ಬಂದವರು. ಗಿಡ, ಜನ, ದೇವರು ಮೂರನ್ನೂ ಒಟ್ಟಿಗೆ ನೋಡಿ ಬರೆದರು. ಲೋಗೋ ಇರಲಿಲ್ಲ, ಗಾಜಿನ ಕಟ್ಟಡ ಇರಲಿಲ್ಲ. ಲೇಖಕರು ಇಬ್ಬರೇ ಇದ್ದದ್ದು ಒಳ್ಳೆಯದೇ ಆಯಿತು. ಈ ಕಾಲದಲ್ಲಿ ದೇವರ ಹೆಸರನ್ನೂ ಸೇರಿಸಿದ್ದರೆ ವರ್ತಕರು 30ಕ್ಕೆ ಇಳಿಯುತ್ತಿದ್ದರು.

ಈಗಿನ ಕತೆ ನಮ್ಮ ಕೋಥ್ರೂಡ್ ಹೌಸಿಂಗ್ ಸೊಸೈಟಿಯ ಧಾರವಾಡದ ಮನೆಯವರನ್ನು ಕೇಳಬೇಕು. ಅವರ ಮಗಳು ಅದೇ ಸೆಂಟರಿನಲ್ಲಿ ಎರಡು ವರ್ಷ ಓದಿದಳು. ಸ್ವಲ್ಪ ನೀರು, ಸ್ವಲ್ಪ ಕಾನೂನು, ಸ್ವಲ್ಪ ಮಣ್ಣು, ಜಾಸ್ತಿ ಪವರ್‌ಪಾಯಿಂಟ್. ಮೊದಲ ರ‍್ಯಾಂಕ್. ಅದೇ ಸೆಂಟರಿನಲ್ಲಿ ಪಾಠ ಮಾಡುವ ಕೆಲಸ ಖಾಲಿಯಾಯಿತು. ಸಂದರ್ಶನಕ್ಕೆ ಹೋದಳು.

'ನಿಮ್ಮ ಮೂಲ ವಿಷಯ ಯಾವುದಮ್ಮಾ?'

'ನಿಮ್ಮದೇ ಕೋರ್ಸು ಸರ್.'

'ಅದು ಸರಿ. ಆದರೆ ಅಧ್ಯಾಪಕರ ನೆಟ್ ಪರೀಕ್ಷೆಯ ಪಟ್ಟಿಯಲ್ಲಿ ಆ ಹೆಸರಿನ ವಿಷಯವೇ ಇಲ್ವಲ್ಲ?'

ಕೆಲಸ ಶುದ್ಧ ಭೂಗೋಳದ ಒಬ್ಬರಿಗೆ ಹೋಯಿತು. ಹುಡುಗಿಯ ಅಪ್ಪ ಲಿಫ್ಟಿನಲ್ಲಿ ಸಿಕ್ಕಾಗ ಹೇಳಿದರು: 'ತಾವ ಹಡದ ಕೂಸಿಗೆ ತಾವ ಯಾರ ಮಗಳು ಅಂತ ಕೇಳ್ತಾರಲ್ರೀ ಇವರು!'

ಆ ಭೂಗೋಳದವರು ಪಾಪ ಒಳ್ಳೆಯವರು. ಬಂದ ಹೊಸತರಲ್ಲಿ ಉತ್ಸಾಹ ಇತ್ತು. ಮುಠಾ ಹೋಗಿ ಮುಳಾ ಸೇರುತ್ತದೆ, ಮುಳಾ-ಮುಠಾ ಹೋಗಿ ಭೀಮೆ ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟು ದಾಟಿ, ಪಂಢರಪುರ ದಾಟಿ, ನಮ್ಮ ಕಲಬುರಗಿ ಜಿಲ್ಲೆಗೆ ಬರುತ್ತದೆ. ಅಲ್ಲಿ ಗಾಣಗಾಪುರದ ಸಂಗಮದಲ್ಲಿ ದತ್ತನ ಭಕ್ತರು ಸ್ನಾನ ಮಾಡುತ್ತಾರೆ. ಅವರಲ್ಲಿ ಪುಣೆಯವರೂ ಕಡಿಮೆ ಇಲ್ಲ. ಇಲ್ಲಿ ಬಿಟ್ಟದ್ದನ್ನು ಅಲ್ಲಿ ಹೋಗಿ ತಲೆಮೇಲೆ ಸುರಿದುಕೊಂಡು ಪುಣ್ಯ ಕಟ್ಟಿಕೊಳ್ಳುತ್ತಾರೆ. ವಿಜ್ಞಾನ, ಅರ್ಥಶಾಸ್ತ್ರ, ಧರ್ಮ ಎಲ್ಲ ಒಂದೇ ನೀರಿನಲ್ಲಿ. ಸೆಂಟರಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕಾ? ಗಾಣಗಾಪುರದವರೆಗೆ ಹೋಗಿ ನೀರಿನ ಸ್ಯಾಂಪಲ್ ತರುತ್ತೇವೆ, ಜನರನ್ನು ಮಾತಾಡಿಸುತ್ತೇವೆ ಅಂತ ಅರ್ಜಿ ಹಾಕಿದರು.

ಫೈನಾನ್ಸ್ ಸೆಕ್ಷನ್ ಫೈಲಿನ ಮೇಲೆ ಬರೆಯಿತು: 'ನದಿ ಪುಣೆಯದು. ಕರ್ನಾಟಕಕ್ಕೆ ಹೋಗುವ ಕಾರಣ ತಿಳಿಸಿ.' ನೀರು ಕೆಳಗೆ ಹರಿಯುತ್ತದೆ ಅಂತ ಅವರು ಲಿಖಿತವಾಗಿ ಕೊಟ್ಟರು. ಅದನ್ನು ಭೌತಶಾಸ್ತ್ರ ವಿಭಾಗದ ಅಭಿಪ್ರಾಯಕ್ಕೆ ಕಳಿಸಿದರು. ಭೌತಶಾಸ್ತ್ರದವರು, ಇದು ನಮ್ಮ ವಿಭಾಗಕ್ಕೆ ಸಂಬಂಧಿಸಿದ್ದಲ್ಲ ಅಂತ ವಾಪಸ್ ಮಾಡಿದರು. ಕೊನೆಗೆ ಹೊರರಾಜ್ಯದ ಪ್ರವಾಸಕ್ಕೆ ಹಣವಿಲ್ಲ ಅಂತ ಷರಾ ಬಿತ್ತು. ಬೇಕಾದರೆ ಇದೇ ವಿಷಯದ ಮೇಲೆ ಸಮ್ಮೇಳನ ಮಾಡಿ, ಆ ಹೆಡ್ಡಿನಲ್ಲಿ ದುಡ್ಡಿದೆ ಅಂದರು.

ಸಮ್ಮೇಳನ ಡಿಸೆಂಬರ್ ಕೊನೆಯ ವಾರ, ಗೋವಾದ ರೆಸಾರ್ಟಿನಲ್ಲಿ. ಗೋವಾ ಹೊರರಾಜ್ಯ ಅಲ್ವಾ ಅಂತ ಯಾರೂ ಕೇಳಲಿಲ್ಲ. ರಸಾಯನಶಾಸ್ತ್ರ, ಅರ್ಥಶಾಸ್ತ್ರ, ಕಾನೂನು ಮೂರೂ ವಿಭಾಗದವರು ಒಂದೇ ಬಸ್ಸಿಗೆ ಹೆಸರು ಕೊಟ್ಟಿದ್ದಾರೆ. ನದಿ ತಮ್ಮ ವಿಭಾಗಕ್ಕೂ ಸಂಬಂಧಿಸಿದ್ದೇ ಅಂತ ಭೌತಶಾಸ್ತ್ರದವರು ಮೊನ್ನೆ ತಿದ್ದುಪಡಿ ಪತ್ರ ಕಳಿಸಿದರು.