ಮಕ್ಕಳು ಕಡಿಮೆಯಾದರೆ ಲಸಿಕೆ ಮೇಲೇಕೆ ಗೂಬೆ?

ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದಕ್ಕೇ ಈಗ ಹೆರಿಗೆ ಕಡಿಮೆಯಾಗಿದೆ ಅನ್ನೋ ವಿಡಿಯೋ ಪುಣೆಯ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಮತ್ತೆ ಮತ್ತೆ ಬರುತ್ತಿದೆ. ದಯವಿಟ್ಟು ಇನ್ನು ಕಳಿಸಬೇಡಿ.

ಲೆಕ್ಕ ನೋಡಿ. ಜನಸಂಖ್ಯೆ ಹೀಗೇ ಇರಬೇಕಾದರೆ ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳಾಗಬೇಕು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅದು 1.7, ಗೋವಾದಲ್ಲಿ ಬರೀ 1.3. ಈ ಮೂರೂ ರಾಜ್ಯಗಳಲ್ಲಿ ಮನೆಮನೆಗೆ ಹೋಗಿ ಕೇಳಿದ್ದು ಕೋವಿಡ್ ಹರಡುವ ಮುಂಚೆ. ದೇಶದಲ್ಲಿ ಕೋವಿಡ್ ಲಸಿಕೆ ಶುರುವಾಗಿದ್ದು 2021ರ ಜನವರಿ 16ಕ್ಕೆ. ಆಗಿನ್ನೂ ಬಂದೇ ಇರದ ಲಸಿಕೆ ಕಾರಣ ಹೇಗಾಗುತ್ತದೆ?

ಕಾರಣ ಕಣ್ಣೆದುರೇ ಇದೆ ಅಲ್ವಾ. ಹುಡುಗಿಯರು ಓದುತ್ತಿದ್ದಾರೆ, ಮದುವೆ ತಡವಾಗುತ್ತಿದೆ, ಗಂಡ ಹೆಂಡತಿ ಇಬ್ಬರೂ ದುಡಿದರೂ ಫ್ಲ್ಯಾಟಿನ ಕಂತು, ಪಾಳಣಾಘರದ (ಮಗು ನೋಡಿಕೊಳ್ಳುವ ಡೇ ಕೇರ್) ಫೀ ಕಟ್ಟುವಷ್ಟರಲ್ಲಿ ಸಂಬಳ ಮುಗಿಯುತ್ತದೆ, ಊರಿಂದ ಅಮ್ಮನನ್ನೋ ಅತ್ತೆಯನ್ನೋ ಕರೆಸಿಕೊಂಡು ಒಂದು ಮಗು ಸಾಕುವ ಹೊತ್ತಿಗೆ ಎರಡನೆಯದರ ಮಾತೇ ಬೇಡ ಅನ್ನಿಸುತ್ತದೆ.

ಕೋವಿಡ್ ಲಸಿಕೆಯ ನಂತರ ಕೆಲವರಿಗೆ ಮುಟ್ಟು ಸ್ವಲ್ಪ ಹಿಂದೆಮುಂದೆ ಆಗಿದ್ದು ನಿಜ. ಆಮೇಲೆ ಸರಿಹೋಯಿತು. ಗರ್ಭ ನಿಲ್ಲೋದಕ್ಕೆ ಅದರಿಂದ ತೊಂದರೆಯಾಗಿಲ್ಲ.

ನನಗೆ ಸಂಕಟವಾಗಿದ್ದು ಬೇರೆ. ಹಡಪಸರದ ನಮ್ಮ ಸೊಸೈಟಿಯ ಒಬ್ಬ ತಾಯಿ ಇದೇ ವಿಡಿಯೋ ನೋಡಿ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಬೇಡ ಅಂದುಬಿಟ್ಟರು. "ನಾಳೆ ಮದುವೆಯಾಗಿ ಮಕ್ಕಳಾಗದಿದ್ರೆ ಯಾರು ಜವಾಬ್ದಾರಿ, ಅಕ್ಕಾ?" ಅಂತ ಕೇಳಿದರು. ಅವರನ್ನು ದಡ್ಡಿ ಅನ್ನೋಕೆ ನನಗೆ ಮನಸ್ಸಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರವೇ ಜನರನ್ನು ಹಿಡಿದು ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿದ ದೇಶ ಇದು. 1976ರಲ್ಲಿ ಮಹಾರಾಷ್ಟ್ರದ ಶಾಸಕರು ಕಡ್ಡಾಯ ಸಂತಾನಹರಣದ ಮಸೂದೆಯನ್ನೂ ಒಪ್ಪಿದ್ದರು. ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ ಅಷ್ಟೇ. ಅಂಥ ಭಯ ಒಂದೆರಡು ತಲೆಮಾರಿಗೆ ಹೋಗಲ್ಲ.

ಆದರೆ ಎಚ್‌ಪಿವಿ ವಿಷಯ ಪೂರ್ತಿ ಉಲ್ಟಾ. ಆ ಲಸಿಕೆಯಲ್ಲಿ ವೈರಸ್‌ನ ಹೊರಸಿಪ್ಪೆಯಂಥ ಪ್ರೋಟೀನ್ ಮಾತ್ರ ಇರುತ್ತದೆ, ಜೀವಂತ ವೈರಸ್ ಇರಲ್ಲ. ಅದು ತಡೆಯೋದು ಗರ್ಭಕಂಠದ ಕ್ಯಾನ್ಸರನ್ನು. ಆ ಕ್ಯಾನ್ಸರ್ ಬಂದರೆ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು, ರೇಡಿಯೇಷನ್ ಕೊಟ್ಟರೆ ಅಂಡಾಶಯ ಕೆಲಸ ನಿಲ್ಲಿಸಬಹುದು. ನಮ್ಮ ದೇಶದಲ್ಲಿ ವರ್ಷಕ್ಕೆ ಲಕ್ಷಕ್ಕಿಂತ ಜಾಸ್ತಿ ಹೆಂಗಸರಿಗೆ ಇದು ಬರುತ್ತದೆ. ಮಗಳಿಗೆ ಮುಂದೆ ಮಕ್ಕಳಾಗಲಿ ಅನ್ನೋ ತಾಯಿ ಮೊದಲು ಹಾಕಿಸಬೇಕಾದ ಲಸಿಕೆಯೇ ಇದು! ನಮ್ಮ ಹಡಪಸರದ ಸೀರಂ ಇನ್‌ಸ್ಟಿಟ್ಯೂಟ್ ಕೂಡ 2023ರಲ್ಲಿ ಸರ್ವಾವ್ಯಾಕ್ ಹೆಸರಿನಲ್ಲಿ ಇದನ್ನು ತಂದಿದೆ.

9ರಿಂದ 14 ವರ್ಷದ ಹೆಣ್ಣುಮಕ್ಕಳಿರುವವರು ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಮನಸ್ಸಿನಲ್ಲಿರುವ ಅನುಮಾನವನ್ನೆಲ್ಲ ಕೇಳಿ. ಮರಾಠಿಯಲ್ಲಿ ಕೇಳೋಕೆ ಕಷ್ಟ ಅನ್ನಿಸಿದರೆ ಮೆಸೇಜ್ ಮಾಡಿ, ನಾನೂ ಜೊತೆಗೆ ಬರುತ್ತೇನೆ.