ಸಹಜವಾಗಿ ವಯಸ್ಸಾಗದಿರುವುದು ಹೇಗೆ?

ಯೌವನ ಕಾಪಾಡಿಕೊಳ್ಳುವ ಗುಟ್ಟನ್ನು ಹೇಳಿಕೊಡುವವರಿಗೆ ಸಾಮಾನ್ಯವಾಗಿ ಇಪ್ಪತ್ನಾಲ್ಕು ವರ್ಷ. ಈ ವಿದ್ಯೆಗೆ ಬೇಕಾದ ಮೊದಲ ಅರ್ಹತೆಯೇ ಅದು. ಸುಕ್ಕಿನ ಮುಖ ಕಾಣದವರೇ ಸುಕ್ಕಿನ ವಿರುದ್ಧ ಅಷ್ಟು ಧೈರ್ಯವಾಗಿ ಮಾತಾಡಬಲ್ಲರು. "ಮೂರು ವಾರದಿಂದ ಇದನ್ನೇ ಹಚ್ತಾ ಇದೀನಿ, ನೋಡಿ, ಒಂದೇ ಒಂದು ಗೆರೆ ಇಲ್ಲ!" ನಿಜ, ಇಲ್ಲ. ಮೂರು ವಾರದ ಹಿಂದೆಯೂ ಇರಲಿಲ್ಲ. ಅದೇ ಬಟ್ಟಲನ್ನು ಆರು ತಿಂಗಳ ಕೂಸಿನ ಮುಂದಿಟ್ಟು ವೀಡಿಯೊ ಮಾಡಿದ್ದರೆ ಫಲಿತಾಂಶ ಇನ್ನೂ ಅಮೋಘವಾಗಿರುತ್ತಿತ್ತು.

ಹಿತ್ತಲ ಗಿಡ ಮದ್ದಲ್ಲ ಎಂದ ಹಿರಿಯರು ಈಗಿದ್ದಿದ್ದರೆ ಮುಖ ಮುಚ್ಚಿಕೊಳ್ಳಬೇಕಿತ್ತು. ಮುಚ್ಚಿಕೊಳ್ಳಲು ಫೇಸ್ ಪ್ಯಾಕ್ ಹೇಗೂ ಇದೆ. ಈಗ ಹಿತ್ತಲಿನದ್ದೊಂದೇ ಮದ್ದು, ಮಿಕ್ಕಿದ್ದೆಲ್ಲ ಕೆಮಿಕಲ್.

ಇಂಥ ಒಂದು ವೀಡಿಯೊವನ್ನು ಸಾವಧಾನವಾಗಿ ನೋಡಬೇಕು. ಕಿಟಕಿಯ ಪಕ್ಕ ಕುರ್ಚಿ. ಗಾಜಿನಿಂದ ಎಳೆಬಿಸಿಲು ಕೆನ್ನೆಯ ಮೇಲೆ ಬಿದ್ದಿದೆ, ಏಕೆಂದರೆ ನ್ಯಾಚುರಲ್ ಲೈಟ್‌ನಲ್ಲಿ ಮುಖ ಚೆನ್ನಾಗಿ ಬರುತ್ತದೆ. ಬಟ್ಟಲಿಗೆ ಅರ್ಧ ಹೋಳು ನಿಂಬೆರಸ, ಮೇಲೆ ಒಂದು ಚಮಚ ಅಡುಗೆ ಸೋಡಾ. ತಕ್ಷಣ ಬುಸ್ಸೆಂದು ನೊರೆ ಉಕ್ಕುತ್ತದೆ. "ನೋಡಿದ್ರಾ, ಹೇಗೆ ಆಕ್ಟಿವೇಟ್ ಆಯ್ತು!" ಆದದ್ದಿಷ್ಟೇ: ಆಮ್ಲ, ಕ್ಷಾರ ಎರಡೂ ಹೊಡೆದಾಡಿಕೊಂಡು ಒಂದರ ಕೈಯಲ್ಲಿ ಇನ್ನೊಂದು ಸತ್ತಿವೆ. ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಹೋಯಿತು, ಬಟ್ಟಲಲ್ಲಿ ಉಳಿದದ್ದು ಸೋಡಿಯಂ ಸಿಟ್ರೇಟ್ ಬೆರೆತ ಉಪ್ಪುಪ್ಪು ನೀರು ಮತ್ತು ಕರಗದ ಸೋಡಾ. ಕೆಮಿಕಲ್ ಇಲ್ಲವೇ ಇಲ್ಲ ಎನ್ನುತ್ತಲೇ ಹೈಸ್ಕೂಲಿನ ರಸಾಯನಶಾಸ್ತ್ರದ ಪ್ರಯೋಗವೊಂದನ್ನು ಕೆನ್ನೆಗೆ ಬಳಿದುಕೊಂಡದ್ದಾಯಿತು.

ಸೋಡಾ ಹಾಕದೆ ಬರಿ ನಿಂಬೆ ಹಚ್ಚುವ ಶುದ್ಧ ಸಂಪ್ರದಾಯವೂ ಇದೆ. ಚರ್ಮದ ಪಿಎಚ್ 5ರ ಆಸುಪಾಸು, ನಿಂಬೆರಸದ್ದು 2ರ ಆಸುಪಾಸು. ಪಿಎಚ್ ಒಂದಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಮೂರಂಕಿ ಇಳಿದರೆ ಸಾವಿರ ಪಟ್ಟು. ಉರಿದರೆ "ಕೆಲಸ ಮಾಡ್ತಿದೆ ಅಂತ ಅರ್ಥ" ಎಂಬ ಸಮಾಧಾನ ಸಿದ್ಧವಾಗಿದೆ. ಜೊತೆಗೆ ನಿಂಬೆ ಜಾತಿಯ ಹಣ್ಣುಗಳಲ್ಲಿ ಫ್ಯೂರೋಕೂಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ತಾಕಿದರೆ ಸುಟ್ಟಂತೆ ಕೆಂಪಾಗಿ, ಗುಳ್ಳೆ ಎದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಸೈಡ್ ಎಫೆಕ್ಟ್ ಇಲ್ಲ ಎಂದವರು ಸುಳ್ಳು ಹೇಳಲಿಲ್ಲ. ಇದು ಸೈಡಿನಲ್ಲಲ್ಲ, ನಟ್ಟನಡು ಮುಖದಲ್ಲೇ ಮೂಡುವ ಎಫೆಕ್ಟು.

ಇನ್ನು ಆ ಕಿಟಕಿ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಎರಡು ಬಗೆಯ ನೇರಳಾತೀತ ಕಿರಣಗಳಿವೆ, ಯುವಿಎ ಮತ್ತು ಯುವಿಬಿ. ಸಾಧಾರಣ ಗಾಜು ಯುವಿಬಿಯನ್ನು ಬಹುಪಾಲು ತಡೆಯುತ್ತದೆ, ಹಾಗಾಗಿ ಚರ್ಮ ಸುಡುವುದಿಲ್ಲ, ನಮಗೆ ಗೊತ್ತೂ ಆಗುವುದಿಲ್ಲ. ಯುವಿಎ ಮಾತ್ರ ಗಾಜು ದಾಟಿ ಬಂದು ಚರ್ಮದ ಒಳಪದರಕ್ಕಿಳಿದು, ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ಪ್ರೋಟೀನನ್ನು ಕಡಿಯುತ್ತದೆ. 2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' 69 ವರ್ಷದ ಟ್ರಕ್ ಚಾಲಕರೊಬ್ಬರ ಚಿತ್ರ ಪ್ರಕಟಿಸಿತ್ತು. 28 ವರ್ಷ ಸಾಮಾನು ಸಾಗಿಸುವ ಟ್ರಕ್ ಓಡಿಸಿದವರು. ಕಿಟಕಿ ಕಡೆಗಿದ್ದ ಎಡಗೆನ್ನೆ ದಪ್ಪಗಾಗಿ, ಉತ್ತ ಹೊಲದಂತೆ ಗೆರೆ ಬಿದ್ದಿದೆ. ಬಲಗೆನ್ನೆ ತನ್ನ ವಯಸ್ಸಿಗೆ ತಕ್ಕಂತೆ ಸುಮ್ಮನಿದೆ. ಸೌಂದರ್ಯ ಲೋಕದಲ್ಲಿ ಬಂದಿರುವ 'ಬಿಫೋರ್–ಆಫ್ಟರ್' ಚಿತ್ರಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದನ್ನು ನಾನು ಕಂಡಿಲ್ಲ. ಎರಡೂ ಒಂದೇ ಮುಖದಲ್ಲಿವೆ, ಫಿಲ್ಟರ್ ಇಲ್ಲ, ಕೊನೆಯಲ್ಲಿ ಕೂಪನ್ ಕೋಡ್ ಕೂಡ ಇಲ್ಲ.

ಅಂದರೆ ನಮ್ಮ ಗುರುಗಳು ಯೌವನದ ಪಾಠ ಹೇಳುತ್ತಾ ಕೂತಿರುವುದು ಮುಪ್ಪಿನ ತೆಕ್ಕೆಯಲ್ಲೇ. ಆದರೆ ಬೈಯುವಂತಿಲ್ಲ, ಬಿಸಿಲು ಅಪ್ಪಟ ನೈಸರ್ಗಿಕ. ಪ್ರಿಸರ್ವೇಟಿವ್ ಇಲ್ಲ, ಸುಗಂಧ ಬೆರೆಸಿಲ್ಲ, ಯಾವ ಪ್ರಾಣಿಗೂ ಹಿಂಸೆ ಇಲ್ಲ.

ಹಾಗೆ ನೋಡಿದರೆ ಪ್ರಕೃತಿಯ ಸೌಂದರ್ಯ ಸೇವೆಗೆ ದೊಡ್ಡ ಇತಿಹಾಸವೇ ಇದೆ. 16ನೇ ಶತಮಾನದ ಯುರೋಪಿನ ಸಿರಿವಂತರು ಮುಖಕ್ಕೆ ಬಳಿದುಕೊಂಡದ್ದು ಸೀಸದ ಬಿಳಿ. 19ನೇ ಶತಮಾನದಲ್ಲಿ ಮೈಬಣ್ಣ ತಿಳಿಯಾಗಲೆಂದು ಆರ್ಸೆನಿಕ್ ಬಿಲ್ಲೆಗಳನ್ನು ನುಂಗಿದರು. 1930ರ ದಶಕದ ಫ್ರಾನ್ಸಿನಲ್ಲಿ 'ಥೋ-ರಾಡಿಯಾ' ಎಂಬ ಕ್ರೀಮು ಬಂತು, ಅದರಲ್ಲಿ ಥೋರಿಯಂ ಮತ್ತು ರೇಡಿಯಂ. ಜಾಹೀರಾತಿನಲ್ಲಿ ಡಾಕ್ಟರ್ ಆಲ್ಫ್ರೆಡ್ ಕ್ಯೂರಿ ಎಂಬ ಹೆಸರು. ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಸೀಸ, ಆರ್ಸೆನಿಕ್, ರೇಡಿಯಂ ಮೂರೂ ಭೂಮಿತಾಯಿಯ ಮಡಿಲಿನಿಂದ ಬಂದವೇ. ಕಾಂತಿ ಬೇಕೆಂದವರಿಗೆ ಅಕ್ಷರಶಃ ಕಿರಣಗಳನ್ನೇ ಕೊಟ್ಟ ಆ ಕ್ರೀಮಿನ ಮುಂದೆ ಇಂದಿನ ಗ್ಲೋ ಸೀರಮ್‌ಗಳೆಲ್ಲ ಸಪ್ಪೆ.

ಕೊಲಾಜೆನ್ ಎಂದೆನಲ್ಲ, ಅದರದ್ದೇ ಒಂದು ಜಾತ್ರೆ. ಹರೆಯ ದಾಟಿದ ಮೇಲೆ ವರ್ಷಕ್ಕೆ ಸುಮಾರು ಶೇ 1ರಂತೆ ಅದು ಚರ್ಮದಲ್ಲಿ ಕರಗುತ್ತಾ ಹೋಗುತ್ತದೆ ಎಂದು ತಿಳಿದದ್ದೇ ತಡ, ಮಂದಿ ಅದನ್ನು ಹೊರಗಿನಿಂದ ತುಂಬಲು ಹೊರಟರು. ಅಣುಗಳ ತೂಕವನ್ನು ಡಾಲ್ಟನ್‌ನಲ್ಲಿ ಅಳೆಯುತ್ತಾರೆ. ಚರ್ಮದ ಹೊರಪದರ ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣುಗಳನ್ನು ಸುಲಭಕ್ಕೆ ಒಳಬಿಡುವುದಿಲ್ಲ. ಕೊಲಾಜೆನ್ ಅಣುವಿನ ತೂಕ 3 ಲಕ್ಷ ಡಾಲ್ಟನ್ನಿನ ಹತ್ತಿರ. ಹಚ್ಚಿದರೆ ಹೊಸ್ತಿಲಲ್ಲೇ ಕೂತಿರುತ್ತದೆ, ಮುಖ ತೊಳೆದಾಗ ಎದ್ದು ಹೋಗುತ್ತದೆ. ಸರಿ, ಕುಡಿಯೋಣ ಎಂದರೆ ಹೊಟ್ಟೆ ಅದನ್ನು ಅಮೈನೋ ಆಮ್ಲ, ಸಣ್ಣ ಪೆಪ್ಟೈಡುಗಳಾಗಿ ಚೂರು ಮಾಡುತ್ತದೆ. ಆ ಚೂರುಗಳ ಮೇಲೆ 'ಎಡಗಣ್ಣಿನ ಕೆಳಗೆ ತಲುಪಿಸಿ' ಎಂದು ಯಾರೂ ವಿಳಾಸ ಬರೆದಿರುವುದಿಲ್ಲ. ಕೆಲವು ಪ್ರಯೋಗಗಳಲ್ಲಿ ತುಸು ಗುಣ ಕಂಡದ್ದುಂಟು. ಅವುಗಳಲ್ಲಿ ಹಲವಕ್ಕೆ ಹಣ ಹಾಕಿದವರು ಪುಡಿ ಮಾರುವವರೇ ಎಂಬುದೂ ಉಂಟು. ಆ ಪುಡಿ ಬರುವುದು ದನದ ಚರ್ಮದಿಂದ, ಮೀನಿನ ಚರ್ಮದಿಂದ. ಪಾಪ, ಮೂಲ ಮಾಲೀಕರಿಗೆ ಅದು ದೀರ್ಘ ಯೌವನ ಕೊಡಲಿಲ್ಲ.

ಮುಖದ ಯೋಗ ಗೊತ್ತಲ್ಲ? ಕೆನ್ನೆ ಉಬ್ಬಿಸುವುದು, ತುಟಿ ಸುತ್ತುವುದು, ಹುಬ್ಬು ಹಾರಿಸುವುದು. ಇದಕ್ಕೊಂದು ಅಧ್ಯಯನವೂ ಇದೆ, 2018ರಲ್ಲಿ 'ಜಾಮಾ ಡರ್ಮಟಾಲಜಿ' ಎಂಬ ಚರ್ಮವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಸೇರಿದವರು 27 ಮಹಿಳೆಯರು, 20 ವಾರದ ಕೊನೆಗೆ ಉಳಿದವರು 16. ಅವರ ಮುಖ ನೋಡಿ ಅಂದಾಜಿಸಿದ ವಯಸ್ಸು ಸರಾಸರಿ ಮೂರು ವರ್ಷದಷ್ಟು ಇಳಿಯಿತಂತೆ. ಮಾಡದವರ ಗುಂಪು ಇಟ್ಟಿರಲಿಲ್ಲವಾದ್ದರಿಂದ ಹೋಲಿಕೆ ಕೇಳಬಾರದು. ಇತ್ತ ಇನ್ನೊಬ್ಬ ಗುರುಗಳು ನಗಬೇಡಿ, ಹುಬ್ಬು ಗಂಟಿಕ್ಕಬೇಡಿ, ಮುಖ ಅಲುಗಿದರೆ ಗೆರೆ ಬೀಳುತ್ತದೆ ಎನ್ನುತ್ತಾರೆ. ಇಬ್ಬರನ್ನೂ ಫಾಲೋ ಮಾಡುವವರ ಮುಖಭಾವ ಹೇಗಿರಬೇಡ!

ಕೆಲಸ ಮಾಡುವ ಸಂಗತಿಗಳದ್ದೋ, ಕೇಳಿದರೆ ಆಕಳಿಕೆ ಬರುವಂಥ ಕಥೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮನಸ್ಸಾದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆ ಹಳತಾಗಿತ್ತು. ಅಯ್ಯೋ, ಅದು ಕೆಮಿಕಲ್! ಸಿಗರೇಟು ಬಿಡಿ ಎಂದರೆ ಅದೇನು ಬ್ಯೂಟಿ ಟಿಪ್ಪಾ ಎನ್ನುತ್ತಾರೆ. ಚರ್ಮದ ತೇವ ಹಿಡಿದಿಡುವುದರಲ್ಲಿ ಪೆಟ್ರೋಲಿಯಂ ಜೆಲ್ಲಿಗೆ ಸಾಟಿಯಿಲ್ಲ. ನೆಲದಾಳದಿಂದ ಬಂದದ್ದಾದರೂ ಅದಕ್ಕೆ ಮಾತ್ರ ನೈಸರ್ಗಿಕರ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ರಾಬರ್ಟ್ ಚೀಸ್‌ಬ್ರೋ ತಾವು ದಿನಕ್ಕೊಂದು ಚಮಚ ಅದನ್ನು ತಿನ್ನುತ್ತಿದ್ದುದಾಗಿ ಹೇಳಿಕೊಂಡಿದ್ದರು, 96 ವರ್ಷ ಬದುಕಿದರು. ಇಂದಿನ ಕಾಲವಾಗಿದ್ದರೆ ಚಮಚವನ್ನೂ ಮಾರುತ್ತಿದ್ದರು.

ಇವೆಲ್ಲಕ್ಕಿಂತ ಸಹಜವಾದದ್ದು ನೆರಳು. ಅದಕ್ಕೆ ರಾಯಭಾರಿ ಇಲ್ಲ, ಜಾಹೀರಾತಿಲ್ಲ, ಅನ್‌ಬಾಕ್ಸಿಂಗ್ ಮಾಡಲು ಡಬ್ಬಿಯೂ ಇಲ್ಲ. ಈ ಅನ್ಯಾಯ ಸರಿಪಡಿಸಲು ನಾನೇ ಕಂಪನಿ ತೆರೆಯುವ ಅಂದಾಜಿದೆ. ಕೋಲ್ಡ್ ಪ್ರೆಸ್ ಮಾಡಿದ ಅಪ್ಪಟ ಮರದ ನೆರಳು, ಗಾಜಿನ ಬಾಟಲಿಯಲ್ಲಿ 30 ಎಂಎಲ್. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮೈತುಂಬ ಬಳಸಿ. ಬಾಟಲಿ ಖಾಲಿ ಇದ್ದಂತೆ ಕಂಡರೆ ಗಾಬರಿ ಬೇಡ, ಪರಿಶುದ್ಧತೆಯ ಲಕ್ಷಣವದು. ಮೊದಲ ನೂರು ಗ್ರಾಹಕರಿಗೆ ಟೋಪಿ ಉಚಿತ.